೪೪೧೭ಕ್ಕೆ ಮಾತ್ರ

ನವೆಂಬರಿನಲ್ಲಿ ಕಟ್ಟಿದ ಬಾವುಟ
ಬನಶಂಕರಿಯ ಆಟೋ ಸ್ಟ್ಯಾಂಡಿನಲ್ಲಿ
ಯುಗಾದಿ ಕಳೆದರೂ ಇದೆ.
ಅರಿಶಿನ ಯಾವುದು ಕುಂಕುಮ ಯಾವುದು
ಬಿಸಿಲೇ ಹೇಳಬೇಕು.
ಕಟ್ಟುವಾಗ ಹತ್ತು ಜನ,
ಬಿಚ್ಚುವ ಕೆಲಸ ಯಾರ ಹೆಸರಿಗೂ ಇಲ್ಲ.

ಆಫೀಸಿನಲ್ಲಿ ಅದು ನನ್ನ ಹೆಸರಿಗೆ ಬಂತು.
ನೂರಾ ಹನ್ನೆರಡು ಫ್ಲಾಗು,
‘ಈ ತಿಂಗಳೊಳಗೆ ಗುಡಿಸಿಬಿಡಿ’ ಎಂದರು.
ನಾವು ಟೆಂಪೋ ಕಳಿಸುವವರು:
ಪರದೆಯ ಮೇಲೊಂದು ಗುಂಡಿ ಒತ್ತಿದರೆ ಬಾಗಿಲಿಗೆ ಗಾಡಿ.
ಗುಂಡಿ ಹಸಿರಿರಲೋ ನೀಲಿಯಿರಲೋ,
ಯಲಹಂಕಕ್ಕೆ ಹೊಸ ದರ, ಕೆಂಗೇರಿಗೆ ಹಳೆಯದು,
ನೂರರಲ್ಲಿ ಹತ್ತು ಜನಕ್ಕೆ ಮಾತ್ರ ಹೊಸ ನಕ್ಷೆ,
ಎಲ್ಲಕ್ಕೂ ಒಂದೊಂದು ಸ್ವಿಚ್ಚು,
ಎಲ್ಲ ಸ್ವಿಚ್ಚಿನ ಪಕ್ಕ ಒಂದೇ ಪದ: ತಾತ್ಕಾಲಿಕ.
‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಬೋರ್ಡಿಗೆ
ತುಕ್ಕು ಹಿಡಿಯುವ ಊರು ಇದು.

ನನ್ನ ಬಾಡಿಗೆ ಮನೆಯಲ್ಲೂ ಇದೆ ಒಂದು,
ಅಡುಗೆಮನೆ ಬಾಗಿಲ ಹಿಂದೆ, ಆರರಲ್ಲಿ ಐದನೆಯದು.
ಮೇಲೆ ಬಿಳಿ ಪ್ಲಾಸ್ಟರು, ಪೆನ್ನಿನಲ್ಲಿ ‘ಮುಟ್ಟಬೇಡಿ’.
ಓನರ್ ಕಮಲಾಕ್ಷಮ್ಮನನ್ನು ಕೇಳಿದೆ.
‘ನಿಮಗಿಂತ ಮುಂಚೆ ಇದ್ದೋರು ಅಂಟಿಸಿದ್ದು.’
ಅವರನ್ನು ಕೇಳಿದ್ದರೂ
ಅವರಿಗಿಂತ ಮುಂಚಿನವರನ್ನೇ ಹೇಳುತ್ತಿದ್ದರೇನೋ.

ಎಪ್ಪತ್ತು ಅಳಿಸಿದೆ. ಏನೂ ಆಗಲಿಲ್ಲ. ಕೈ ಸಲೀಸಾಯಿತು.
ಎಪ್ಪತ್ತೊಂದನೆಯದು:
‘ಒಂದೇ ಸಲ. ೪೪೧೭ಕ್ಕೆ ಮಾತ್ರ.’
ಬರೆದವಳು ಹಫೀಜಾ, ಕೆಲಸ ಬಿಟ್ಟು ಮೂರು ವರ್ಷ.
ಒಬ್ಬ ಗಿರಾಕಿಗೆ ಒಂದು ಬಾವುಟವೇ!
ಗುರುವಾರ ರಾತ್ರಿ ಹನ್ನೊಂದಕ್ಕೆ
ಆರಿಸಿ ಮಲಗಿದೆ.

ಬೆಳಿಗ್ಗೆ ಮಾಮೂಲ್‌ಪೇಟೆಯ ಗಲ್ಲಿಯಲ್ಲಿ ನಾಲ್ಕು ಟೆಂಪೋ.
ಕೈಗಾಡಿಯೊಂದು ಹೊರಳಲಾಗದ ಗಲ್ಲಿ.
ನಾಲ್ವರು ಡ್ರೈವರುಗಳೂ ಬಾಡಿಗೆ ನಂದು ನಂದು ಎಂದು,
ಹಿಂದೆ ಹೂವಿನ ಆಟೋ, ಹಾರನ್ನು,
ಮೂರು ಭಾಷೆಯ ಬೈಗುಳ.
ಸಾಗಬೇಕಿದ್ದದ್ದು ಎರಡೇ ಚೀಲ:
ಅಂಗಿಯ ಗುಂಡಿ. ಬಿಳಿ. ನಾಲ್ಕು ತೂತಿನದು.

ಫೋನಿನಲ್ಲಿ ಧರಣೇಂದ್ರಯ್ಯ,
ಗುಂಡಿ ಅಂಗಡಿ, ಗಿರಾಕಿ ೪೪೧೭:
‘ನಾನು ಒಂದೇ ಸಲ ಒತ್ತಿದ್ದು ತಾಯೀ.
ನನ್ನ ಕೈ ನಾಲ್ಕು ಸಲ ಒತ್ತಿತು.
ಆ ಹುಡುಗಿಗೆ ಗೊತ್ತಿತ್ತು. ಒಂದಿನ ಅಂಗಡಿಗೇ ಬಂದು
ಕೈ ನೋಡಿಕೊಂಡು ಹೋದಳು,
ದರ್ಜಿ ಅಳತೆ ತಗೊಳ್ತಾನಲ್ಲ, ಹಾಗೆ.’

ತೆರೆದು ಓದಿದೆ. ಆರು ಸಾಲು.
ಮೊದಲ ಒತ್ತಿಗೆ ಓಗೊಡು,
ಮುಂದಿನ ಮೂರು ಸೆಕೆಂಡು ಕಿವುಡಾಗಿರು.
ಅಷ್ಟೇ.
ಅದನ್ನು ನಾನು ಕಸವೆಂದು ಗುಡಿಸಿದ್ದೆ.

ಮತ್ತೆ ಹಚ್ಚಿದೆ. ಕೂತೆ.
ಬಸ್ಸಿನ ಕಂಬಿಗೆ ನೇತಾಡುತ್ತ ಒಂದೇ ಕೈಲಿ ಒತ್ತುವವರು,
ರಸ್ತೆಯ ಗುಂಡಿಗೆ ಆಟೋ ಇಳಿದಾಗ
ಪರದೆಯ ಗುಂಡಿ ಒತ್ತುವವರು,
ಮನೆ ಖಾಲಿ ಮಾಡೆಂದ ಮಧ್ಯಾಹ್ನ
ಮಂಚ ಬೀರು ಎಣಿಸುತ್ತ ಒತ್ತುವವರು,
ಯಾರ ಕೈ ನಡುಗುವುದಿಲ್ಲ ಈ ಊರಲ್ಲಿ?

ನೂರರಲ್ಲಿ ಒಬ್ಬರಿಗೆ ತೆರೆದೆ. ಕಾದೆ.
ಹತ್ತು. ಕೆಳಗೆ ಹೋಗಿ ಟೀ ಕುಡಿದು ಬಂದೆ.
ಐವತ್ತು. ಶನಿವಾರವೆಲ್ಲ ಫೋನು ತಲೆದಿಂಬಿನ ಕೆಳಗೆ.
ಸೋಮವಾರ ನೂರು.
ಎಲ್ಲರಿಗೂ ಆದಮೇಲೆ ಬಾವುಟ ಯಾಕೆ,
ಬಿಚ್ಚಿ ಮಡಿಸಿದೆ.
ಟಿಪ್ಪಣಿಯಲ್ಲಿ ಹಫೀಜಾಳ ಹೆಸರು ಬರೆದೆ.
ಪರಿಶೀಲಿಸುವ ಹುಡುಗ ‘ಇವರ್ಯಾರು?’ ಎಂದು ಕೇಳಿ
ಉತ್ತರಕ್ಕೆ ಕಾಯದೆ ಒಪ್ಪಿಗೆ ಒತ್ತಿದ,
ಅವಸರದಲ್ಲಿ ಎರಡು ಸಲ.

ಇನ್ನೂ ನಲವತ್ತೊಂದು ಉಳಿದಿವೆ.

ರಾತ್ರಿ ಅನ್ನಕ್ಕಿಟ್ಟು ಬಾಗಿಲ ಹಿಂದೆ ನೋಡಿದೆ.
ಐದನೆಯದರ ಮೇಲೆ
ಪ್ಲಾಸ್ಟರಿನ ಒಂದು ತುದಿ ಎದ್ದಿತ್ತು.
ಹೆಬ್ಬೆರಳಿನಲ್ಲಿ ಒತ್ತಿ
ಮತ್ತೆ ಅಂಟಿಸಿದೆ.